ಅರವತ್ತೈದು ಇಂಚಿನ ಮರ್ಯಾದೆ

ಟಿವಿಯನ್ನು ಯಾರು ಬೇಕಾದರೂ ಕೊಳ್ಳಬಹುದು. ಅದನ್ನು ಕೂರಿಸುವ ಸ್ಟ್ಯಾಂಡ್ ಆರಿಸಲು ಮಾತ್ರ ತಲೆ ಬೇಕು! ಬುಂಗೊಮಾ ಪಟ್ಟಣದ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ಗಣಿತ ಬೋಧಿಸುತ್ತಿರುವ ವೆಕುಲೊ ಎಂಬ ನನ್ನ ಹೆಗಲ ಮೇಲೆ ಅಂಥದ್ದೊಂದು ತಲೆ ಇದೆ ಎಂದು ನಾನು ಬಲವಾಗಿ ನಂಬಿದ್ದ ಕಾಲವಿತ್ತು. ಆ ಕಾಲ ಹೋದ ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮುಗಿಯಿತು.

ಟಿವಿ ಬಂದದ್ದೇ ನನ್ನ ಅತ್ತೆಯ ಸಲುವಾಗಿ. ಅವರ ಕಣ್ಣಿಗೆ ಪೊರೆ ಬಂದಿತ್ತು. ನನ್ನ ಹೆಂಡತಿ ನಾಲಿಯಾಕ ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ನರ್ಸು. "ಬಂದುಬಿಡಮ್ಮಾ, ಅರ್ಧ ಗಂಟೆ ಕೆಲಸ" ಎಂದು ಎರಡು ವರ್ಷದಿಂದ ಗೋಗರೆಯುತ್ತಿದ್ದಳು. ಅತ್ತೆ ಜಪ್ಪಯ್ಯ ಅನ್ನುತ್ತಿರಲಿಲ್ಲ. ಕಾರಣ ಯಾರೆಂದರೆ ನಾನು!

ನಮ್ಮ ಬುಕುಸು ಜನರಲ್ಲಿ ಅತ್ತೆ ಮತ್ತು ಅಳಿಯ ಮುಖಾಮುಖಿ ಆಗುವಂತಿಲ್ಲ. ಕೈ ಕುಲುಕುವುದು, ಎದುರೆದುರು ಕೂರುವುದು, ಒಂದೇ ಸೂರಿನಡಿ ಮಲಗುವುದು ಎಲ್ಲವೂ ಅಪಚಾರ. ದಾರಿಯಲ್ಲಿ ಅತ್ತೆ ಎದುರಾದರೆ ಅಳಿಯನಾದವನು ಪಕ್ಕದ ಮೆಕ್ಕೆಜೋಳದ ಹೊಲಕ್ಕೆ ನುಗ್ಗಿ ಮಾಯವಾಗಬೇಕು. ಅತ್ತೆಯ ಹೆಸರನ್ನು ಬಾಯಲ್ಲಿ ಹೇಳುವುದೂ ತಪ್ಪು. ಆದ್ದರಿಂದ ಈ ಬರಹದ ಉದ್ದಕ್ಕೂ ಅವರು ಬರೀ ಅತ್ತೆ. ಮದುವೆಯಾಗಿ ಎಂಟು ವರ್ಷವಾಗಿದ್ದರೂ ನಾನು ಅವರನ್ನು ನೋಡಿರುವುದು ದೂರದಿಂದ, ಅದೂ ಬಹುಪಾಲು ಬೆನ್ನನ್ನು.

"ಅಳಿಯನ ಮನೆಗೆ ನಾನು ಬರೋದಾ? ಅವನ ನೆರಳು ಕಂಡರೂ ಸಾಕು, ಬಂದ ವ್ಯಾನಲ್ಲೇ ವಾಪಸ್ಸು!" ಇದು ಅತ್ತೆಯ ಹಟ.

"ಅದೆಲ್ಲ ನೆಪ" ಎಂದು ನಾಲಿಯಾಕ ನನ್ನ ಹತ್ತಿರ ಗುಟ್ಟಾಗಿ ಹೇಳಿದಳು. "ಕಣ್ಣಿಗೆ ಕತ್ತರಿ ಹಾಕ್ತಾರೆ ಅಂತ ಅಮ್ಮಂಗೆ ಜೀವಭಯ. ಓಡಿಹೋಗೋಕೆ ಒಂದು ಕಾರಣ ಹುಡುಕ್ತಿದಾಳೆ. ಆ ಕಾರಣ ನೀವಾಗಬೇಡಿ ನಮಾಲ್ವಾ ಅಪ್ಪಾ. ಅಷ್ಟೇ ನಾನು ಕೇಳೋದು."

ನಮ್ಮ ಮಗಳು ನಮಾಲ್ವಾಳ ಹೆಸರು ಹಿಡಿದು ಹಾಗೆ ಕರೆಯುವಾಗ ಅವಳ ಕಣ್ಣಲ್ಲಿ ನೀರಿತ್ತು. ಎಂಟು ವರ್ಷದಲ್ಲಿ ಅವಳು ನನ್ನ ಮುಂದೆ ಕಣ್ಣೀರು ಹಾಕಿದ್ದು ಎರಡೇ ಸಲ. ನನ್ನ ಮೀಸೆ ತಾನಾಗಿ ಗಂಭೀರವಾಯಿತು.

ಕೊನೆಗೂ ಒಪ್ಪಂದವಾಯಿತು. ಅತ್ತೆ ಶನಿವಾರ ಬರುವುದು, ಹಗಲೆಲ್ಲ ಮಗಳ ಮನೆಯಲ್ಲಿ ಊಟ ಉಪಚಾರ, ಮಲಗುವುದು ಪಕ್ಕದ ಫೇಬಿಯ ಅಮ್ಮನ ಮನೆಯಲ್ಲಿ, ಸೋಮವಾರ ಆಪರೇಷನ್. ನಾನು ಅತ್ತೆ ಬರುವ ಮೊದಲೇ ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಅವರು ಊರಿಗೆ ಮರಳುವ ತನಕ ಸ್ಕೂಲಿನ ವಿಜ್ಞಾನ ಮೇಷ್ಟ್ರ ಕೋಣೆಯಲ್ಲಿ ವನವಾಸ!

ಸರಿ, ಮುಖವನ್ನೇ ತೋರಿಸುವಂತಿಲ್ಲದ ಅಳಿಯ ತನ್ನ ಪ್ರೀತಿಯನ್ನು ಹೇಗೆ ತೋರಿಸಬೇಕು? ಟಿವಿಯ ಮೂಲಕ! ಪೊರೆ ಬಂದ ಕಣ್ಣಿಗೂ ರಾಚುವಂಥ ಟಿವಿ, ಅರವತ್ತೈದು ಇಂಚು! ಅತ್ತೆಗೆ ಚರ್ಚಿನ ಗಾಯಕವೃಂದ ಎಂದರೆ ಪ್ರಾಣ. ಒಬ್ಬೊಬ್ಬ ಗಾಯಕಿಯ ಹಲ್ಲು ಎಣಿಸಿಕೊಂಡು ಹಾಡು ಕೇಳಲಿ ಎಂದು ನನ್ನ ಉದ್ದೇಶ. ಟಿವಿ ಬಂತು. ನಮ್ಮ ಪುಟ್ಟ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿತು. ಇನ್ನು ಸ್ಟ್ಯಾಂಡ್.

ನಾಲಿಯಾಕ ಅಷ್ಟರಲ್ಲೇ ಅಂಗಡಿಗೆ ಹೋಗಿ ಒಂದನ್ನು ನೋಡಿಕೊಂಡು ಬಂದಿದ್ದಳು. "ಗಿಡ್ಡಗಿದೆ, ಅಗಲವಾಗಿದೆ, ಅಲ್ಲಾಡಿಸಿದರೆ ಅಲ್ಲಾಡಲ್ಲ. ಟಿವಿಯ ಎರಡು ಕಾಲೂ ಒಳಗೇ ಕೂತು ಆಚೆ ಈಚೆ ಇನ್ನೂ ಒಂದೊಂದು ಗೇಣು ಮಿಗುತ್ತೆ. ಅದನ್ನೇ ತರೋಣ."

"ಗಿಡ್ಡ!" ನಾನು ನಕ್ಕೆ. "ನಮಾಲ್ವಾ ಕೈಗೆ ಸಿಗಲ್ವಾ? ಮೂರು ವರ್ಷದ ಮಗು ಟಿವಿ ಎಳಕೊಂಡ್ರೆ?"

"ಗೋಡೆಗೆ ಒಂದು ಪಟ್ಟಿ ಹಾಕಿ ಬಿಗಿದ್ರೆ ಆಯ್ತು. ಎತ್ತರದ್ದು ತಂದ್ರೆ ಹತ್ತೋಕೆ ಹೋಗ್ತಾಳೆ. ಆಗ ಸ್ಟ್ಯಾಂಡೂ ಬೀಳುತ್ತೆ, ಟಿವಿಯೂ ಬೀಳುತ್ತೆ, ಕೆಳಗೆ ಮಗು. ಅಂಥ ಮಕ್ಕಳು ನಮ್ಮ ವಾರ್ಡಿಗೆ ಬರ್ತಾವೆ. ನಾನು ನೋಡಿದೀನಿ."

"ನಾಲಿಯಾಕಾ, ಗುರುತ್ವಕೇಂದ್ರ ಅಂತ ಒಂದಿದೆ, ಗೊತ್ತಾ?"

"ಇರಲಿ ಬಿಡಿ, ಅದರ ಪಾಡಿಗೆ ಅದು. ಟಿವಿಯ ಕಾಲು ಅಳೆದ್ರಾ?"

ಗಣಿತದ ಮೇಷ್ಟ್ರಿಗೆ ಟಿವಿಯ ಕಾಲು ಅಳೆಯಲು ಹೇಳುವುದು! ಅಂಗಡಿಯಲ್ಲಿ ಸಾಲಾಗಿ ನಿಂತ ಸಿದ್ಧ ಸರಕನ್ನು ಹೊತ್ತು ತರುವುದಕ್ಕೆ ನಾನೇನು ಸಾಮಾನ್ಯ ಗಂಡನೇ? ಅಂದೇ ಸಂಜೆ ಮೂರು ಹಾಳೆಗಳಲ್ಲಿ ನಕ್ಷೆ ಬರೆದೆ. ಎದೆಮಟ್ಟದ ಎತ್ತರ, ನಲವತ್ತು ಇಂಚು ಅಗಲ, ನಾಜೂಕಾದ ಆಳ. ಟಿವಿಯ ತೂಕವೆಲ್ಲ ನಟ್ಟನಡುವೆ ಬೀಳುತ್ತದೆ, ನಡುವೆ ನನ್ನ ಸ್ಟ್ಯಾಂಡ್ ಇರುತ್ತದೆ, ಮುಗಿಯಿತು. ಲೆಕ್ಕದಲ್ಲಿ ಒಂದು ಕೂದಲೆಳೆಯ ತಪ್ಪಿಲ್ಲ. ಟಿವಿಗೆ ಕಾಲುಗಳಿವೆ ಎಂಬುದೊಂದು ಲೆಕ್ಕದಲ್ಲಿ ಬಂದಿರಲಿಲ್ಲ, ಅಷ್ಟೇ.

ನಕ್ಷೆ ಹಿಡಿದು ರಸ್ತೆಬದಿಯ ಬಡಗಿ ಮಕೊಖಾ ಹತ್ತಿರ ಹೋದೆ. ಮಕೊಖಾ ಒಳ್ಳೆಯ ಕೆಲಸಗಾರ. ಮಾವಿನ ಮರದ ಕೆಳಗೆ ಅವನ ಕಾರ್ಖಾನೆ. ಮಂಚ ಮಾಡುತ್ತಾನೆ, ಸೋಫಾ ಮಾಡುತ್ತಾನೆ, ಎಲ್ಲಕ್ಕಿಂತ ಹೆಚ್ಚಾಗಿ ಶವಪೆಟ್ಟಿಗೆ ಮಾಡುತ್ತಾನೆ. ಅದರಲ್ಲಿ ಅವನದು ಎತ್ತಿದ ಕೈ.

ನಕ್ಷೆಯನ್ನು ಉಲ್ಟಾ ಹಿಡಿದು ನೋಡಿ, ಮಕೊಖಾ ಕೇಳಿದ: "ಕಾಲು ಎಷ್ಟು ದೂರದಲ್ಲಿದೆ ಮೇಷ್ಟ್ರೇ?"

"ಯಾರ ಕಾಲು?"

"ಟಿವಿದು."

ನಾಲಿಯಾಕ ಇವನಿಗೆ ಮೊದಲೇ ಬಂದು ಹೇಳಿಕೊಟ್ಟಿದ್ದಾಳಾ ಎಂದು ನನಗೆ ಅನುಮಾನ ಬಂತು. "ಕಾಲಿನ ಚಿಂತೆ ನಿನಗೆ ಬೇಡ ಮಕೊಖಾ. ನೀನು ನಕ್ಷೆ ನೋಡು, ಹಲಗೆ ಕೊಯ್ಯಿ."

"ಆಗಲಿ ಮೇಷ್ಟ್ರೇ. ನಾಳೆ ಬನ್ನಿ."

ನಮ್ಮೂರಿನ ಬಡಗಿಯ ನಾಳೆ ಯಾವತ್ತು ಬರುತ್ತದೆ ಎಂದು ಯಾವ ಗಣಿತವೂ ಹೇಳಲಾರದು. ಒಂಬತ್ತು ನಾಳೆಗಳಾದ ಮೇಲೆ, ಅತ್ತೆ ಬರುವ ಶನಿವಾರದ ಬೆಳಿಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡ್ ಸಿದ್ಧವಾಯಿತು. ನೋಡಿದೆ. ಅಳತೆಯೆಲ್ಲ ನನ್ನದೇ. ಆದರೆ ಮಕೊಖಾನ ಕೈ ತನ್ನ ರೂಢಿಯನ್ನು ಬಿಟ್ಟಿರಲಿಲ್ಲ. ಕಡುಗೆಂಪು ವಾರ್ನಿಶ್, ಎರಡೂ ಪಕ್ಕದಲ್ಲಿ ನಾಲ್ಕು ನಾಲ್ಕು ಹಿತ್ತಾಳೆಯ ಹಿಡಿಕೆ, ಮುಚ್ಚಳದ ಮೇಲೊಂದು ಸಣ್ಣ ಶಿಲುಬೆ!

"ಶಿಲುಬೆ ಯಾಕಯ್ಯಾ?"

"ಅದಕ್ಕೆ ದುಡ್ಡು ಹಿಡಿದಿಲ್ಲ ಮೇಷ್ಟ್ರೇ" ಎಂದು ಮಕೊಖಾ ಹೆಮ್ಮೆಯಿಂದ ಹೇಳಿದ.

ಶಿಲುಬೆಯನ್ನು ಕೀಳಿಸಲು ಸಮಯವಿರಲಿಲ್ಲ. ಸ್ಟ್ಯಾಂಡನ್ನು ಕೈಗಾಡಿಯ ಮೇಲೆ ಮಲಗಿಸಿ ನಾನೂ ಮಕೊಖಾನೂ ತಳ್ಳಿಕೊಂಡು ಹೊರಟೆವು. ಮಾರುಕಟ್ಟೆಯ ತಿರುವಿನಲ್ಲಿ ಒಬ್ಬರು ಟೋಪಿ ತೆಗೆದು ನಿಂತರು. ಅವರನ್ನು ನೋಡಿ ಇನ್ನೊಬ್ಬರು ತೆಗೆದರು. ಟೊಮೆಟೊ ಮಾರುತ್ತಿದ್ದ ಇಬ್ಬರು ಹೆಂಗಸರು ಗಾಡಿಯ ಹಿಂದೆ ಬಂದು ಸಣ್ಣಗೆ ಸ್ತೋತ್ರಗೀತೆ ಶುರು ಮಾಡಿದರು. "ಅಮ್ಮಾ, ಇದು ಟಿವಿ ಇಡೋಕೆ!" ಎಂದು ನಾನು ಹೇಳಿದರೆ ಒಬ್ಬಳು ನನ್ನ ಬೆನ್ನು ಸವರಿ, "ದುಃಖದಲ್ಲಿ ಹೀಗೆಲ್ಲ ಮಾತು ಬರುತ್ತೆ ಮಗಾ, ಗಟ್ಟಿಯಾಗಿರು" ಅಂದಳು. ನಮ್ಮ ಗೇಟು ತಲುಪುವ ಹೊತ್ತಿಗೆ ಮೆರವಣಿಗೆಯಲ್ಲಿ ಹದಿನೇಳು ಜನ. ಫೇಬಿಯ ಅಮ್ಮ ಎದೆ ಬಡಿದುಕೊಂಡು ಓಡಿಬಂದರು.

"ಯಾರು ಹೋದ್ರು ಮೇಷ್ಟ್ರೇ?"

"ಯಾರೂ ಹೋಗಿಲ್ಲ. ಬರೋರಿದಾರೆ."

ನಾಲಿಯಾಕ ಬಾಗಿಲಿಗೆ ಬಂದು ಸ್ಟ್ಯಾಂಡನ್ನು ನೋಡಿದಳು, ಹಿಂದಿನ ಹದಿನೇಳು ಜನರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈಯದಿದ್ದರೆ ನನಗೆ ಇನ್ನೂ ಭಯ.

"ಹತ್ತೂವರೆ ಆಗ್ತಾ ಬಂತು. ನಾನು ನಮಾಲ್ವಾನ ಕರಕೊಂಡು ಬಸ್ ನಿಲ್ದಾಣಕ್ಕೆ ಹೋಗ್ತೀನಿ, ಅಮ್ಮನ ವ್ಯಾನು ಹನ್ನೊಂದಕ್ಕೆ. ನೀವು ಈಗಲೇ ಹೊರಡಿ. ಟಿವಿ ಮುಟ್ಟಬೇಡಿ, ಕೆಳಗೇ ಇರಲಿ. ಈ ಪೆಟ್ಟಿಗೆ ಮೇಲಂತೂ ಇಡಬೇಡಿ."

"ಸ್ಟ್ಯಾಂಡ್" ಎಂದು ತಿದ್ದಿದೆ.

"ಹೊರಡಿ" ಅಂದಳು.

ಅವಳು ಗೇಟು ದಾಟಿದಳು. ಮಕೊಖಾ ಗಾಡಿ ತಳ್ಳಿಕೊಂಡು ಹೋದ. ಮೆರವಣಿಗೆ ಚಹಾ ಸಿಗುವುದಿಲ್ಲ ಎಂದು ಖಚಿತವಾದ ಮೇಲೆ ಚದುರಿತು. ನಾನು ಹೊರಡಬೇಕಿತ್ತು. ಹೊರಟಿದ್ದರೆ ಇವತ್ತು ಈ ಬರಹವೂ ಇರುತ್ತಿರಲಿಲ್ಲ, ನನ್ನ ಮಾನವೂ ಹೀಗೆ ಬೀದಿಗೆ ಬರುತ್ತಿರಲಿಲ್ಲ. ಆದರೆ ಅರವತ್ತೈದು ಇಂಚಿನ ಟಿವಿ ನೆಲದ ಮೇಲೆ ಕೂತಿರುವುದನ್ನು ನೋಡಿದರೆ ಅತ್ತೆ ಏನಂದುಕೊಂಡಾರು? ಹತ್ತು ನಿಮಿಷದ ಕೆಲಸ!

ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತೆ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೆ. ಸುತ್ತಿಗೆಯಿಂದ ಶಿಲುಬೆಯನ್ನು ಕಿತ್ತೆ. ಟಿವಿಯನ್ನು ನೆಲದಿಂದ ಸೋಫಾಕ್ಕೆ, ಸೋಫಾದಿಂದ ಅದರ ತೋಳಿಗೆ, ತೋಳಿನಿಂದ ಸ್ಟ್ಯಾಂಡಿಗೆ ಏರಿಸಿದೆ. ಇಪ್ಪತ್ತೆರಡು ಕಿಲೋ, ಒಬ್ಬನೇ! ಇಡಲು ಹೋದರೆ ಟಿವಿಯ ಕಾಲುಗಳು ಎರಡೂ ಕಡೆ ನಾಲ್ಕು ನಾಲ್ಕು ಇಂಚು ಗಾಳಿಯಲ್ಲಿ.

ಸಾಮಾನ್ಯ ಗಂಡನಾಗಿದ್ದರೆ ಅಲ್ಲಿಗೆ ಸೋಲೊಪ್ಪುತ್ತಿದ್ದ. ನಾನು ಟಿವಿಯನ್ನು ಸೋಫಾಕ್ಕೆ ವಾಪಸ್ಸಿಳಿಸಿ ಹಿತ್ತಿಲಿಗೆ ಓಡಿದೆ. ಸ್ಕೂಲಿಗೆ ಬಿಳಿ ಬೋರ್ಡುಗಳು ಬಂದಾಗ ಹಳೆಯ ಕಪ್ಪು ಹಲಗೆಯ ಒಂದು ತುಂಡನ್ನು ನಾನು ಮನೆಗೆ ತಂದಿಟ್ಟಿದ್ದೆ. ಅದನ್ನು ಸ್ಟ್ಯಾಂಡಿನ ಮೇಲೆ ಅಡ್ಡಲಾಗಿ ಹಾಕಿದೆ. ಅಗಲ ಹೇಳಿ ಮಾಡಿಸಿದಂತಿತ್ತು! ಹಲಗೆಯ ಮೇಲೆ ಪೈಥಾಗೊರಸನ ಪ್ರಮೇಯದ ಅರ್ಧ ಇನ್ನೂ ಉಳಿದಿತ್ತು, ಉಳಿದರ್ಧ ನನ್ನ ತಲೆಯಲ್ಲಿತ್ತು. ಟಿವಿ ಏರಿತು, ನಿಂತಿತು.

ಆದರೆ ಈ ಕಪ್ಪು ಹಲಗೆ! ನಮ್ಮ ಕಡೆ ಮರ್ಯಾದಸ್ಥರ ಮನೆಯಲ್ಲಿ ಬರಿಮೈಯ ಮೇಜು ಕುರ್ಚಿ ಇರುವಂತಿಲ್ಲ. ಸೋಫಾದ ಬೆನ್ನಿಗೆ, ತೋಳಿಗೆ, ಮೇಜಿಗೆ, ರೇಡಿಯೋಗೆ, ನೀರಿನ ಹೂಜಿಗೆ ಎಲ್ಲಕ್ಕೂ ಕೊಕ್ಕೆಸೂಜಿಯಲ್ಲಿ ಹೆಣೆದು ಗಂಜಿ ಹಾಕಿದ ಬಿಳಿಯ ಕಸೂತಿ ಬಟ್ಟೆ ಇರಲೇಬೇಕು. ನೆಂಟರು ಬರುವ ದಿನವಂತೂ ಹೊಚ್ಚಹೊಸದು. ಬಟ್ಟೆಯಿಲ್ಲದ ಸ್ಟ್ಯಾಂಡ್ ನೋಡಿದರೆ, ಬಟ್ಟೆಯಿಲ್ಲದ ಅಳಿಯನನ್ನು ನೋಡಿದಷ್ಟೇ ಬೇಸರವಾದೀತು ಅತ್ತೆಗೆ. ಬೀರುವಿನಿಂದ ಅತಿ ಉದ್ದದ ಬಟ್ಟೆಯನ್ನು ತೆಗೆದೆ. ಅದನ್ನು ಟಿವಿಯ ಮೇಲೆ ಹೊದಿಸಬಹುದಿತ್ತು. ನಾನು ಟಿವಿಯ ಕಾಲನ್ನು ಒಂದೊಂದೇ ಎತ್ತಿ ಅದರ ಅಡಿಗೆ ಹಾಸಿದೆ. ಮುಂದುಗಡೆ ನವಿರಾದ ಗೊಂಡೆಗಳು ತೂಗಾಡುತ್ತಿದ್ದವು. ನನಗೇ ಕಣ್ಣು ತುಂಬಿಬಂತು.

ಇನ್ನು ವೈರು. ಗೋಡೆಗೂ ಸ್ಟ್ಯಾಂಡಿಗೂ ನಡುವಿನ ಸಂದಿಗೆ ತೂರಿ, ಪ್ಲಗ್ಗು ಚುಚ್ಚಿದೆ. ಟಿವಿ ತಾನಾಗಿ ಹತ್ತಿಕೊಂಡಿತು, ಅದೂ ಪೂರ್ತಿ ದನಿಯಲ್ಲಿ. ನಲವತ್ತು ಜನರ ಗಾಯಕವೃಂದ ಒಟ್ಟಿಗೇ "ಹಲ್ಲೆಲೂಯಾ!" ಎಂದಿತು. ಹಲಗೆ ನಡುಗಿತು. ವಾರ್ನಿಶ್ಶಿನ ಮೇಲೆ ಹಲಗೆ, ಹಲಗೆಯ ಮೇಲೆ ಗಂಜಿ ಬಟ್ಟೆ, ಬಟ್ಟೆಯ ಮೇಲೆ ಟಿವಿ, ಎಲ್ಲವೂ ಸೇರಿ ಬಲು ನಿಧಾನವಾಗಿ ಮುಂದಕ್ಕೆ ಹೊರಟವು.

ಹಿಂದಿನಿಂದ ಎರಡೂ ಕೈ ಚಾಚಿ ಟಿವಿಯ ಎರಡೂ ಅಂಚನ್ನು ಗಪ್ಪನೆ ಹಿಡಿದೆ. ಜಾರುವುದು ನಿಂತಿತು. ಆದರೆ ಈಗ ಒಂದು ಕೈ ಬಿಟ್ಟರೂ ಅದು ಕೆಳಗೆ. ಬೆನ್ನಿಗೆ ಗೋಡೆ, ಎದೆಗೆ ಶವಪೆಟ್ಟಿಗೆ, ಮುಖಕ್ಕೆ ಟಿವಿಯ ಬೆನ್ನು. ತೋಳುಗಳನ್ನು ಪೂರ್ತಿ ಚಾಚಿದರೂ ಬೆರಳ ತುದಿಯಷ್ಟೇ ಹಿಡಿತ. ಮುಂದೇನು ಎಂದು ಯೋಚಿಸುತ್ತಿರುವಾಗ ಬಾಗಿಲಲ್ಲಿ ಯಾರೋ ಒಳಬರಲು ಅಪ್ಪಣೆ ಕೇಳಿ ಕೂಗಿದರು.

"ಹೋಡಿ! ಯಾರಿದೀರಿ ಮನೇಲಿ? ನಾಲಿಯಾಕಾ! ಎಲ್ಲಿದೀಯೇ?"

ಅತ್ತೆ! ನಿಲ್ದಾಣದವರೆಗೆ ಹೋಗಿ ಮಗಳಿಗಾಗಿ ಕಾಯುವ ಜಾಯಮಾನ ಅವರದಲ್ಲ. ದಾರಿಯಲ್ಲೇ ಇಳಿದು ಬಾಡಿಗೆ ಬೈಕು ಹತ್ತಿ ಬಂದುಬಿಟ್ಟಿದ್ದರು. ಕೈ ಬಿಟ್ಟರೆ ಟಿವಿ ಹೋಗುತ್ತದೆ. ಬಾಯಿ ಬಿಟ್ಟರೆ ಅತ್ತೆ ಹೋಗುತ್ತಾರೆ, ಅವರ ಕಣ್ಣೂ ಹೋಗುತ್ತದೆ! ನಾಲಿಯಾಕ ನನ್ನನ್ನು ಕೇಳಿದ್ದು ಒಂದೇ ಒಂದು, ಕಾರಣ ನೀವಾಗಬೇಡಿ ಎಂದು. ಉಸಿರು ಬಿಗಿಹಿಡಿದು ನಿಂತೆ. ಗಾಯಕವೃಂದ ಹಾಡುತ್ತಲೇ ಇತ್ತು.

ಹಾಳು ಕುತೂಹಲ. ಟಿವಿಯ ಪಕ್ಕದಿಂದ ಒಂದೇ ಒಂದು ಸಲ ಇಣುಕಿದೆ. ಹೊಸ್ತಿಲಲ್ಲಿ ಅತ್ತೆ, ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಕಾಲು ಕಟ್ಟಿದ ಕೋಳಿ. ಅವರು ನೇರ ನನ್ನನ್ನೇ ನೋಡುತ್ತಿದ್ದರು. ಎಂಟು ವರ್ಷದಲ್ಲಿ ಮೊದಲ ಬಾರಿ ಅತ್ತೆಯ ಮುಖ ಕಂಡಿತು. ತಟ್ಟನೆ ತಲೆ ಒಳಗೆಳೆದುಕೊಂಡೆ. ಮುಗಿಯಿತು, ಈಗ ಹೊರಟರು ಎಂದುಕೊಂಡೆ.

ಅತ್ತೆಯ ಹೆಜ್ಜೆ ಹೊಸ್ತಿಲು ದಾಟಿದ ಸದ್ದಾಯಿತು. ಆಮೇಲೆ ಎಳೆದು ಕೇಳಿದರು: "ಓ... ಬಡಗಿನಾ?"

ದೇವರು ದೊಡ್ಡವನು! "ಹ್ಞೂಂ ಅಮ್ಮಾ" ಎಂದೆ, ಗಂಟಲನ್ನು ಗೊಗ್ಗರು ಮಾಡಿಕೊಂಡು.

"ಕಣ್ಣು ಮಂಜು ಕಣಯ್ಯಾ. ಯಾರು ಏನು ಅಂತ ತಿಳಿಯಲ್ಲ. ಕಿವಿಮೇಲೆ ಪೆನ್ಸಿಲ್ ಇದ್ದ ಹಾಗಿತ್ತು, ಬಡಗಿ ಇರಬೇಕು ಅಂದ್ಕೊಂಡೆ." ಬುಟ್ಟಿ ಇಳಿಸಿದ ಸದ್ದು, ಕೋಳಿಯನ್ನು ನೆಲಕ್ಕೆ ಬಿಟ್ಟ ಸದ್ದು. "ಈ ಮನೆ ಯಜಮಾನ ಇಲ್ಲ ತಾನೇ?"

"ಇಲ್ಲಮ್ಮಾ. ಊರಲ್ಲೇ ಇಲ್ಲ."

"ಒಳ್ಳೇದಾಯ್ತು. ಅವನು ನನ್ನ ಅಳಿಯ. ಅವನು ಇದ್ರೆ ನಾನು ಇರೋ ಹಾಗಿಲ್ಲ. ನೀನ್ಯಾಕಯ್ಯಾ ಅದನ್ನ ತಬ್ಬಿಕೊಂಡು ನಿಂತಿದೀಯಾ?"

"ಜಾರ್ತಾ ಇದೆ ಅಮ್ಮಾ."

"ಜಾರದೆ ಇನ್ನೇನು ಮಾಡುತ್ತೆ? ಅಡಿಗೆ ಬಟ್ಟೆ ಹಾಸಿದೀಯಲ್ಲ! ನೀರು ತುಂಬಿದ ಕೊಡಾನ ಗಂಜಿ ಬಟ್ಟೆ ಮೇಲೆ ಇಡ್ತಾರೇನೋ ಯಾರಾದ್ರೂ?"

"ಯಜಮಾನರು ಹೇಳಿದ್ರು ಅಮ್ಮಾ" ಎಂದು ಬಾಯಿಗೆ ಬಂದದ್ದು ಹೇಳಿದೆ.

"ಅವನ ವಿಷಯ ಎತ್ತಬೇಡ! ಅಳಿಯನ ಬಗ್ಗೆ ನಾನು ಒಂದು ಮಾತೂ ಆಡಬಾರದು. ನಿನ್ನ ವಿಷಯ ಹೇಳು. ಇಷ್ಟುದ್ದ, ಇಷ್ಟೇ ಅಗಲ! ಇದರ ಮೇಲೆ ಒಂದು ಹಲಗೆ, ಹಲಗೆ ಮೇಲೆ ಇದು. ಕಾಲು ಅಳೆದ್ಯೇನೋ?"

ನಾನು ಟಿವಿಯ ಬೆನ್ನಿಗೆ ಹಣೆ ಒತ್ತಿದೆ.

"ಅಳೆದಿಲ್ಲ! ನಿನ್ನ ಮುಖ ಕಾಣದಿದ್ರೂ ನಿನ್ನ ಜಾತಿ ಎಂಥದು ಅಂತ ನನಗೆ ಗೊತ್ತಾಗುತ್ತೆ. ಹೆಂಡತಿ ಒಂದು ಹೇಳ್ತಾಳೆ, ನೀನು ನಗ್ತೀಯ. ನಕ್ಕು ದೊಡ್ಡ ದೊಡ್ಡ ಮಾತಾಡ್ತೀಯ. ಹೌದೋ ಅಲ್ವೋ?"

"ಹೌದಮ್ಮಾ."

"ಮಾವನ ಮನೆಗೆ ಕ್ರಿಸ್‌ಮಸ್ಸಿಗೆ ಹೋಗ್ತೀಯ, ಬಾವಮೈದುನರು ಬೇಲಿ ಕಟ್ತಾ ಇದ್ರೆ ನೀನು ಮರದಡಿ ಕೂತು ಪುಸ್ತಕ ಓದ್ತೀಯ. ಹೌದೋ ಅಲ್ವೋ?"

ಬಡಗಿಗಳೂ ಮರದಡಿ ಕೂತು ಪುಸ್ತಕ ಓದುತ್ತಾರಾ ಎಂದು ನನಗೆ ಆಶ್ಚರ್ಯವಾಯಿತು. "ಹೌದಮ್ಮಾ" ಎಂದೆ. ತೋಳುಗಳು ನಡುಗತೊಡಗಿದ್ದವು.

"ಮಗು ಹುಟ್ಟಿದಾಗ ಹೆಂಡತಿಗೆ ರಾತ್ರಿ ಡ್ಯೂಟಿ ಬಿಡಿಸ್ತೀನಿ ಅಂದೋನು ಇವತ್ತಿಗೂ ಬಿಡಿಸಿಲ್ಲ. ಅವಳು ಸೊರಗಿ ಕಡ್ಡಿ ಆಗಿದಾಳೆ. ಅದು ನಿನ್ನ ಕಣ್ಣಿಗೆ ಬಿದ್ದಿದೆಯಾ? ನಿನಗೇನು ಪೊರೆ ಬಂದಿದೆಯಾ?"

ಈ ಮಾತು ಮಾತ್ರ ನನಗೆ ನೆಟ್ಟಗೆ ಎದೆಗೆ ತಾಗಿತು. ಮಕೊಖಾನ ಹೆಂಡತಿಯೂ ಆಸ್ಪತ್ರೆಯಲ್ಲಿದ್ದಾಳೆಯೇ ಎಂದು ಕೇಳುವಷ್ಟು ತ್ರಾಣ ಇರಲಿಲ್ಲ. "ತಪ್ಪಾಯ್ತು ಅಮ್ಮಾ" ಎಂದೆ. ಆ ಹೊತ್ತಿಗೆ ದನಿಯನ್ನು ಗೊಗ್ಗರು ಮಾಡುವುದು ಮರೆತೇ ಹೋಗಿತ್ತು.

"ಹ್ಞೂಂ" ಅಂದರು ಅತ್ತೆ. "ತೋಳು ಸೋತಿರಬೇಕು. ತಡಿ."

ಅಲ್ಲಿಂದ ಮುಂದೆ ನಡೆದದ್ದು ಸೇನಾಪತಿಯ ಕೆಲಸ. ಮೂಲೆಯಲ್ಲಿ ನನ್ನ ಎರಡು ತಗಡಿನ ಟ್ರಂಕುಗಳಿದ್ದವು, ಹದಿನಾಲ್ಕು ವರ್ಷದ ಪ್ರಶ್ನೆಪತ್ರಿಕೆ ತುಂಬಿದವು. ಇಬ್ಬರು ಗಂಡಸರು ಸೇರಿದರೂ ಜಗ್ಗದವು. ಅತ್ತೆ ಕಾಲಿನಿಂದಲೇ ಒದ್ದು ಒದ್ದು ಅವನ್ನು ಸ್ಟ್ಯಾಂಡಿನ ಮುಂದೆ ಒಂದರ ಪಕ್ಕ ಒಂದು ತಂದು ಕೂರಿಸಿದರು. ಮೇಲೆ ಹತ್ತಿ ಕುಣಿದು ನೋಡಿದರು. ಟ್ರಂಕು ಮಿಸುಕಲಿಲ್ಲ.

"ನೋಡಯ್ಯಾ ಬಡಗಿ, ಕಲಿತುಕೋ. ಅ ಆ ಇ ಈ ಥರ ಹೇಳ್ತೀನಿ. ಒಲೆ ಕಲ್ಲು ಹೂಡೋವಾಗ ಮೊದಲು ಮಡಕೆಯ ತಳ ನೋಡ್ತೀವಿ. ಅದು ಕೂರೋದಕ್ಕಿಂತ ನಾಲ್ಕು ಬೆರಳು ಅಗಲ ಇರಲಿ. ಭಾರ ಎಲ್ಲ ಕೆಳಗಿರಲಿ. ಗಿಡ್ಡಗಿರಲಿ. ಮಧ್ಯೆ ಬಟ್ಟೆಗಿಟ್ಟೆ ಬೇಡ. ಗೊತ್ತಾಯ್ತಾ?"

"ಗೊತ್ತಾಯ್ತು ಅಮ್ಮಾ."

"ಈಗ ಒಂದು ತುದಿ ನಾನು ಹಿಡೀತೀನಿ. ಇನ್ನೊಂದು ತುದಿ ನೀನು. ನೀನು ಗೋಡೆ ಕಡೆ ತಿರುಗು, ನಾನು ಬಾಗಿಲ ಕಡೆ ತಿರುಗ್ತೀನಿ. ಕಣ್ಣು ಕಾಣದಿದ್ರೂ ರೂಢಿ ರೂಢಿನೇ."

ಬಡಗಿಯೊಡನೆ ಎಂಥ ರೂಢಿ ಎಂದು ನನಗೆ ಆಗ ಹೊಳೆಯಲೇ ಇಲ್ಲ! ಪಕ್ಕಕ್ಕೆ ಸರಿದು ಸಂದಿಯಿಂದ ಹೊರಬಂದೆ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ, ಅವರು ಬಾಗಿಲ ಬಳಿಯ ಕೋಳಿ ನೋಡುತ್ತಾ, "ಎತ್ತು", "ಎತ್ತಿದೆ ಅಮ್ಮಾ", "ಇಳಿಸು", "ಇಳಿಸ್ತಿದೀನಿ ಅಮ್ಮಾ" ಎನ್ನುತ್ತಾ ಟಿವಿಯನ್ನು ಟ್ರಂಕುಗಳ ಮೇಲೆ ಇಳಿಸಿದೆವು. ಅತ್ತೆಗೂ ಅಳಿಯನಿಗೂ ನಡುವೆ ಅರವತ್ತೈದು ಇಂಚಿನಷ್ಟು ಮರ್ಯಾದೆ ಇತ್ತು. ಗಾಯಕವೃಂದಕ್ಕೆ ಒಂದು ಸ್ವರವೂ ತಪ್ಪಲಿಲ್ಲ. ಟಿವಿ ಎರಡೂ ಕಾಲೂರಿ, ಬಂಡೆಯ ಹಾಗೆ ಕೂತಿತು.

"ಹೋಗು ಇನ್ನು. ಹಿತ್ತಿಲ ಬಾಗಿಲಿಂದ ಹೋಗು" ಎಂದರು ಅತ್ತೆ, ಸೋಫಾದಲ್ಲಿ ಕೂರುತ್ತಾ.

ಹೋದೆ. ಅಂಗಿಯನ್ನೂ ಬಿಟ್ಟು ಹೋದೆ.

ಸಂಜೆ ನಾಲಿಯಾಕ ವಿಜ್ಞಾನ ಮೇಷ್ಟ್ರ ಕೋಣೆಗೆ ಊಟ, ಅಂಗಿ ಎರಡನ್ನೂ ತಂದಳು. ನಾನು ಅವಳ ಮುಖ ನೋಡಲು ಹೆದರಿದ್ದೆ. "ಅಮ್ಮ ಇದಾರಾ?" ಎಂದೆ ಮೆಲ್ಲಗೆ.

"ಇದಾಳೆ. ಟಿವಿ ಮುಂದಿಂದ ಎದ್ದಿಲ್ಲ. ಯಾರೋ ಬಡಗಿ ಇದ್ದ ಅಂದ್ಳು."

"ನೋಡಿದೆಯಾ!" ನನ್ನ ಎದೆ ಮತ್ತೆ ಉಬ್ಬಿತು. "ಹೇಗೆ ನಿಭಾಯಿಸಿದೆ! ದನಿ ಬದಲಾಯಿಸಿದೆ, ಭಂಗಿ ಬದಲಾಯಿಸಿದೆ, ಪಾಪ, ಅವರಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ! ನಾನು ಗಣಿತಕ್ಕೆ ಬರದೆ ನಾಟಕಕ್ಕೆ ಹೋಗಿದ್ದರೆ..."

ನಾಲಿಯಾಕ ತುಟಿ ಕಚ್ಚಿಕೊಂಡು ಊಟದ ಡಬ್ಬಿ ತೆಗೆದಳು.

ಸೋಮವಾರ ಆಪರೇಷನ್ ಆಯಿತು. ಅತ್ತೆ ತುಟಿಪಿಟಕ್ಕೆನ್ನದೆ ಮೇಜಿನ ಮೇಲೆ ಮಲಗಿದರಂತೆ. ಗುರುವಾರ ಪಟ್ಟಿ ಬಿಚ್ಚಿದರು, ಕಣ್ಣು ಸ್ವಚ್ಛ! ಆ ವಾರವೇ ನಾನು ಮುಖ್ಯೋಪಾಧ್ಯಾಯರ ಕೈಕಾಲು ಹಿಡಿದು ಮಧ್ಯಾಹ್ನದ ತರಗತಿಗಳನ್ನು ಬೆಳಿಗ್ಗೆಗೆ ಹಾಕಿಸಿಕೊಂಡೆ. ಮಗುವನ್ನು ಮಧ್ಯಾಹ್ನ ನಾನು ನೋಡಿಕೊಂಡರೆ ನಾಲಿಯಾಕ ರಾತ್ರಿ ಡ್ಯೂಟಿ ಬಿಟ್ಟು ಹಗಲು ಡ್ಯೂಟಿ ಕೇಳಬಹುದಿತ್ತು. ಬಡಗಿಗೆ ಬಿದ್ದ ಬೈಗುಳದಿಂದ ನಾನೂ ಒಂದಿಷ್ಟು ಕಲಿಯಬಾರದೇಕೆ? ಅಂಗಡಿಯ ಆ ಗಿಡ್ಡ ಸ್ಟ್ಯಾಂಡೂ ಬಂತು, ಗೋಡೆಗೆ ಪಟ್ಟಿಯೂ ಬಿತ್ತು. ನನ್ನ ಸ್ಟ್ಯಾಂಡನ್ನು ಮಕೊಖಾ ವಾಪಸ್ಸು ತೆಗೆದುಕೊಂಡ. ನಾಲ್ಕೇ ದಿನದಲ್ಲಿ ಅದಕ್ಕೆ ಗಿರಾಕಿ ಸಿಕ್ಕಿತಂತೆ. ಏತಕ್ಕೆ ಎಂದು ನಾನು ಕೇಳಲಿಲ್ಲ.

ಅತ್ತೆ ಊರಿಗೆ ಹೊರಟ ದಿನ ಅವರ ವ್ಯಾನು ಕಣ್ಮರೆಯಾದ ಮೇಲೆ ನಾನು ಮನೆಗೆ ಬಂದೆ. ಸೋಫಾದಲ್ಲಿ ಕಾಲು ಚಾಚಿ ನಿಟ್ಟುಸಿರು ಬಿಟ್ಟೆ.

"ಪಾಪ, ಕಣ್ಣು ಬಂದ ಮೇಲೆ ಆ ಬಡಗಿಯನ್ನ ಒಮ್ಮೆ ನೋಡಬೇಕು ಅನ್ನಿಸಿರಬೇಕು ಅಲ್ವಾ? ಆವತ್ತು ಅವರಿಗೆ ಏನೂ ಕಂಡಿರಲಿಲ್ಲ."

"ಯಾವ ಕಣ್ಣು?" ಎಂದಳು ನಾಲಿಯಾಕ.

"ಅಂದ್ರೆ?"

"ಆಪರೇಷನ್ ಆಗಿದ್ದು ಎಡಗಣ್ಣಿಗೆ. ಬಲಗಣ್ಣಿಗೆ ಏನೂ ಆಗಿಲ್ಲ. ಊರಿನವರ ರಾಗಿಯಲ್ಲಿರೋ ಕಲ್ಲನ್ನೆಲ್ಲ ಇವತ್ತಿಗೂ ಅಮ್ಮನೇ ಆರಿಸಿಕೊಡೋದು."

ನಾನು ಚಾಚಿದ ಕಾಲನ್ನು ಮಡಚಿಕೊಂಡು ನೆಟ್ಟಗೆ ಕೂತೆ. ಅರವತ್ತೈದು ಇಂಚಿನ ಟಿವಿ ನನ್ನನ್ನೇ ನೋಡುತ್ತಿತ್ತು.

"ಹಾಗಾದ್ರೆ... ಗೊತ್ತಿತ್ತಾ? ಗೊತ್ತಿದ್ದೂ ವಾಪಸ್ಸು ಹೋಗ್ಲಿಲ್ವಾ?"

"ನಾನೂ ಅದನ್ನೇ ಕೇಳಿದೆ" ಎಂದಳು ನಾಲಿಯಾಕ. ಇಷ್ಟು ದಿನ ಕಚ್ಚಿ ಹಿಡಿದಿದ್ದ ನಗು ಈಗ ಪೂರ್ತಿ ಬಿಟ್ಟಿತ್ತು. "ಅಮ್ಮ ಏನಂದ್ಳು ಗೊತ್ತಾ? 'ಹಾಯಾಗಿ ಬೈದ ಮೇಲೆ ಕತ್ತರಿ ಭಯಾನೂ ಹೋಯ್ತು ಕಣೇ. ಎಂಟು ವರ್ಷದಿಂದ ನಾಲಿಗೆ ತುದೀಲಿ ಇಟ್ಕೊಂಡಿದ್ದೆ. ಎರಡೂ ಕೈಗೆ ಕೆಲಸ ಇದ್ದು, ಓಡೋಕೂ ಆಗದೆ, ಕಿವಿ ಮುಚ್ಕೊಳ್ಳೋಕೂ ಆಗದೆ ನಿಂತಿರೋ ಅಳಿಯ ಇನ್ನೊಂದು ಸಲ ಸಿಗ್ತಾನಾ?'"